ಗೇಮ್ ಮಾಡಲು ಕಲಿಯಬೇಕಾ? ಒಂದು ಚೆಂಡಿನಿಂದ ಶುರು ಮಾಡಿ

1972ರಲ್ಲಿ ಅಟಾರಿ ಎಂಬ ಹೊಸ ಕಂಪನಿಗೆ ಅಲನ್ ಆಲ್ಕಾರ್ನ್ ಎಂಬ ಎಂಜಿನಿಯರ್ ಕೆಲಸಕ್ಕೆ ಸೇರಿದರು. ವಿಡಿಯೋ ಗೇಮ್ ಮಾಡಿದ ಅನುಭವ ಅವರಿಗೆ ಇರಲಿಲ್ಲ. ಹಾಗಾಗಿ ಕಂಪನಿಯ ನೋಲನ್ ಬುಶ್ನೆಲ್ ಅವರಿಗೊಂದು ಅಭ್ಯಾಸದ ಕೆಲಸ ಕೊಟ್ಟರು. ಒಂದು ಚೆಂಡು, ಎರಡು ಬ್ಯಾಟು, ಸ್ಕೋರ್ ತೋರಿಸಲು ಅಂಕಿಗಳು. ಅಷ್ಟೇ. ಕೈ ಪಳಗಲಿ ಅಂತ ಕೊಟ್ಟ ಆ ಕೆಲಸವೇ ಮುಂದೆ 'ಪಾಂಗ್' ಎಂಬ ಹೆಸರಿನಲ್ಲಿ ಹೊರಬಂತು. ವಿಡಿಯೋ ಗೇಮ್ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದದ್ದು ಅದರ ಗೆಲುವಿನ ನಂತರವೇ.

ಈಗ ಗೇಮ್ ಮಾಡಲು ಹೊರಟವರು ಸಾಮಾನ್ಯವಾಗಿ ಬೇರೆ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಸಾಫ್ಟ್‌ವೇರ್ ಇಳಿಸಿಕೊಂಡು, ಅದರ ಮೆನುಗಳನ್ನೆಲ್ಲ ಒಂದೊಂದಾಗಿ ಕಲಿಯಲು ಕೂರುತ್ತಾರೆ. ನೂರಾರು ಬಟನ್, ಯಾವುದು ಯಾಕೆ ಅಂತ ಗೊತ್ತಾಗುವುದಿಲ್ಲ, ಕೆಲವೇ ದಿನಕ್ಕೆ ಬೇಸರ ಬರುತ್ತದೆ. ಇನ್ನು ಕೆಲವರ ತಲೆಯಲ್ಲಿ ದೊಡ್ಡ ಕನಸಿರುತ್ತದೆ. ವಿಶಾಲವಾದ ಲೋಕ, ಸಾವಿರಾರು ಆಟಗಾರರು ಒಟ್ಟಿಗೆ ಆಡುವ ಯುದ್ಧ. ಮೊದಲ ಗೇಮೇ ಅದಾಗಬೇಕು ಅಂತ ಶುರು ಮಾಡುತ್ತಾರೆ. ಅದು ಮುಗಿಯುವುದೇ ಇಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ ಮಾತು. ಗೇಮ್ ಸಾಫ್ಟ್‌ವೇರನ್ನು ಪೂರ್ತಿ ಕಲಿತು ಆಮೇಲೆ ಗೇಮ್ ಮಾಡಲು ಆಗುವುದಿಲ್ಲ. ಒಂದು ಪುಟ್ಟ ಗೇಮನ್ನು ಮುಗಿಸುವ ದಾರಿಯಲ್ಲೇ ಸಾಫ್ಟ್‌ವೇರ್ ಕಲಿಯಬೇಕು. ಆ ಗೇಮ್ ಕೇಳಿದ್ದನ್ನು ಮಾತ್ರ, ಕೇಳಿದಾಗ ಮಾತ್ರ. ಪಾಂಗ್ ಅದಕ್ಕೆ ಇವತ್ತಿಗೂ ಒಳ್ಳೆಯ ಆರಂಭ.

ಗೇಮ್ ಎಂಜಿನ್ ಏನು ಮಾಡುತ್ತದೆ?

ಗೇಮ್ ಮಾಡುವ ಸಾಫ್ಟ್‌ವೇರಿಗೆ 'ಗೇಮ್ ಎಂಜಿನ್' ಅನ್ನುತ್ತಾರೆ. ಎಲ್ಲ ಗೇಮ್‌ಗಳಿಗೂ ಬೇಕಾಗುವ ಕೆಲವು ಕೆಲಸಗಳಿವೆ. ಪರದೆಯ ಮೇಲೆ ಚಿತ್ರ ಮೂಡಿಸುವುದು, ಧ್ವನಿ ನುಡಿಸುವುದು, ಯಾವ ಕೀ ಒತ್ತಿದರು ಅಂತ ನೋಡುವುದು, ಎರಡು ವಸ್ತು ಒಂದಕ್ಕೊಂದು ತಾಗಿದವಾ ಅಂತ ಲೆಕ್ಕ ಹಾಕುವುದು, ಕೊನೆಗೆ ಎಲ್ಲವನ್ನೂ ಸೇರಿಸಿ ಫೋನಿಗೋ ಕಂಪ್ಯೂಟರಿಗೋ ಒಗ್ಗುವ ಫೈಲ್ ಮಾಡಿಕೊಡುವುದು. ಇಷ್ಟನ್ನೂ ಎಂಜಿನ್ ನೋಡಿಕೊಳ್ಳುತ್ತದೆ. ಚೆಂಡು ಎಷ್ಟು ವೇಗವಾಗಿ ಹೋಗಬೇಕು, ಬ್ಯಾಟಿಗೆ ತಾಗಿದರೆ ಏನಾಗಬೇಕು, ಯಾವಾಗ ಪಾಯಿಂಟ್ ಸಿಗಬೇಕು ಅನ್ನೋದನ್ನು ಹೇಳುವುದು ನಿಮ್ಮ ಪಾಲಿನ ಕೆಲಸ.

ಯಾವ ಎಂಜಿನ್ ತೆರೆದರೂ ಪರದೆಯ ಮೇಲೆ ಹೆಚ್ಚುಕಡಿಮೆ ಅದೇ ಐದು ಜಾಗಗಳು ಕಾಣುತ್ತವೆ. ನಡುವೆ ದೊಡ್ಡದಾಗಿ ಗೇಮಿನ ದೃಶ್ಯ. ಒಂದು ಬದಿಗೆ ಆ ದೃಶ್ಯದಲ್ಲಿ ಏನೇನಿದೆ ಎಂಬ ಪಟ್ಟಿ. ಪಟ್ಟಿಯಲ್ಲಿ ಒಂದನ್ನು ಒತ್ತಿದರೆ ಅದರ ಜಾಗ, ಗಾತ್ರ, ಬಣ್ಣ ಇತ್ಯಾದಿ ತೋರಿಸುವ ಇನ್‌ಸ್ಪೆಕ್ಟರ್. ಕೆಳಗೆಲ್ಲೋ ನಿಮ್ಮ ಚಿತ್ರ, ಧ್ವನಿ, ಕೋಡ್ (ಕಂಪ್ಯೂಟರಿಗೆ ಬರೆದುಕೊಡುವ ಸೂಚನೆಗಳು) ಫೈಲುಗಳ ಫೋಲ್ಡರ್. ಮೇಲೊಂದು ಪ್ಲೇ ಬಟನ್. ಮೊದಲ ವಾರಕ್ಕೆ ಈ ಐದು ಗೊತ್ತಿದ್ದರೆ ಸಾಕು. ಉಳಿದ ಬಟನ್‌ಗಳು ಅಲ್ಲೇ ಇರಲಿ, ಬೇಕಾದಾಗ ನೋಡಿದರಾಯಿತು.

ಯೂನಿಟಿ, ಅನ್‌ರಿಯಲ್, ಸ್ಕ್ರ್ಯಾಚ್, ಗೊಡೊ ಇವೆಲ್ಲ ಗೇಮ್ ಮಾಡುವ ಸಾಫ್ಟ್‌ವೇರ್‌ಗಳು. ಹೆಸರು ಮಾತ್ರ ಒಂದೊಂದರಲ್ಲಿ ಒಂದೊಂದು. ದೃಶ್ಯದಲ್ಲಿರುವ ಒಂದು ವಸ್ತುವನ್ನು ಯೂನಿಟಿ 'ಗೇಮ್ ಆಬ್ಜೆಕ್ಟ್' ಅನ್ನುತ್ತದೆ, ಅನ್‌ರಿಯಲ್ 'ಆಕ್ಟರ್' ಅನ್ನುತ್ತದೆ, ಸ್ಕ್ರ್ಯಾಚ್ 'ಸ್ಪ್ರೈಟ್' ಅನ್ನುತ್ತದೆ. ಗೊಡೊದಲ್ಲಿ ಎಲ್ಲವೂ 'ನೋಡ್'. ಚೆಂಡು ಒಂದು ನೋಡ್, ಅದರೊಳಗೆ ಚಿತ್ರದ್ದೊಂದು ನೋಡ್, ತಾಗಿದ್ದನ್ನು ಗುರುತಿಸುವ ಆಕಾರದ್ದು ಇನ್ನೊಂದು ನೋಡ್. ಒಂದು ಎಂಜಿನ್‌ನಲ್ಲಿ ಇದು ಅರ್ಥವಾದರೆ ಇನ್ನೊಂದಕ್ಕೆ ಹೋದಾಗ ಹೊಸ ಹೆಸರು ಕಲಿತರೆ ಮುಗಿಯಿತು.

ಯೂನಿಟಿ ಬಳಸುವವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಪ್ಲೇ ಒತ್ತಿ ಗೇಮ್ ಓಡುತ್ತಿರುವಾಗ ಇನ್‌ಸ್ಪೆಕ್ಟರ್‌ನಲ್ಲಿ ದೃಶ್ಯದ ವಸ್ತುಗಳಿಗೆ ಮಾಡಿದ ಬದಲಾವಣೆ, ಗೇಮ್ ನಿಲ್ಲಿಸಿದ ಕೂಡಲೇ ಮಾಯವಾಗುತ್ತದೆ. ಅದು ಹಾಗೇ ಇರಬೇಕು ಅಂತಲೇ ಮಾಡಿರುವುದು. ಓಡುವಾಗ ಧೈರ್ಯವಾಗಿ ಏನು ಬೇಕಾದರೂ ಬದಲಿಸಿ ನೋಡಬಹುದು. ಆದರೆ ಚೆನ್ನಾಗಿ ಬಂದ ಅಂಕಿಯನ್ನು ಬರೆದಿಟ್ಟುಕೊಂಡು, ನಿಲ್ಲಿಸಿದ ಮೇಲೆ ಮತ್ತೆ ಹಾಕಬೇಕು. ಇದು ಗೊತ್ತಿಲ್ಲದೆ ಅರ್ಧ ದಿನದ ಕೆಲಸ ಕಳೆದುಕೊಂಡವರು ಬಹಳ ಮಂದಿ ಇದ್ದಾರೆ.

ಯಾವುದನ್ನು ಆರಿಸಿಕೊಳ್ಳಬೇಕು?

ಹೊಸಬರು ಅತಿ ಜಾಸ್ತಿ ಸಮಯ ಕಳೆಯುವುದು ಈ ಪ್ರಶ್ನೆಯಲ್ಲಿ. ನನ್ನ ಪ್ರಕಾರ ಇದಕ್ಕೆ ಒಂದು ಸಂಜೆಗಿಂತ ಹೆಚ್ಚು ಕೊಡಬಾರದು.

ಕೋಡ್ ಅಂದರೇನು ಅಂತಲೇ ಗೊತ್ತಿಲ್ಲದವರಿಗೆ, ಮಕ್ಕಳಿಗೆ, ಸ್ಕ್ರ್ಯಾಚ್ ಸರಿ. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್ 2007ರಲ್ಲಿ ಇದನ್ನು ಎಲ್ಲರಿಗೂ ಬಿಡುಗಡೆ ಮಾಡಿತು. ಕೋಡ್ ಬರೆಯುವ ಬದಲು ಬಣ್ಣದ ಬ್ಲಾಕ್‌ಗಳನ್ನು ಎಳೆದು ಒಂದರ ಕೆಳಗೊಂದು ಜೋಡಿಸುವುದು. ಬ್ರೌಸರ್‌ನಲ್ಲೇ ನಡೆಯುತ್ತದೆ. ದೊಡ್ಡವರು ಇದನ್ನು ಬಳಸಲು ನಾಚಬೇಕಿಲ್ಲ. 'ಹೀಗಾದರೆ ಹಾಗೆ ಮಾಡು', 'ಇದನ್ನೇ ಮತ್ತೆ ಮತ್ತೆ ಮಾಡು' ಎಂಬ ಯೋಚನೆಯ ಅಭ್ಯಾಸ ಇಲ್ಲೇ ಚೆನ್ನಾಗಿ ಆಗುತ್ತದೆ.

ಕೋಡ್ ಬರೆಯುವುದು ಬೇಡ, ಆದರೆ ಹೊರಗೆ ಬಿಡುಗಡೆ ಮಾಡುವಂಥ ಗೇಮ್ ಬೇಕು ಅಂದರೆ ಜಿಡೆವಲಪ್, ಕನ್‌ಸ್ಟ್ರಕ್ಟ್ ಇವೆ. ನಿಮಗೆ ಬೇಕಾಗಿರುವುದು ಕಥೆ ಹೇಳುವ ಗೇಮ್ ಆದರೆ ಟ್ವೈನ್ ಅಥವಾ ರೆನ್‌ಪೈ ನೋಡಿ. ಟ್ವೈನ್‌ನಲ್ಲಿ ಒಂದು ತುಂಡು ಕಥೆ ಬರೆದು, ಅದರಿಂದ ಎರಡು ದಾರಿ ತೆಗೆದು, ಓದುವವರ ಆಯ್ಕೆಗೆ ಬಿಡಬಹುದು. ಬರವಣಿಗೆ ಗೊತ್ತಿದ್ದವರಿಗೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ಕೋಡ್ ಕಲಿಯಲು ಸಿದ್ಧರಿರುವವರಿಗೆ ನನ್ನ ಸಲಹೆ ಗೊಡೊ. ಇದು 2014ರಿಂದ ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಿ ಬದಲಿಸಬಹುದು. ಪೂರ್ತಿ ಉಚಿತ, ಮಾಡಿದ ಗೇಮ್ ಪೂರ್ತಿ ನಿಮ್ಮದು. ಇಳಿಸಿಕೊಳ್ಳಲು ಹಗುರ, ಹಳೆಯ ಕಂಪ್ಯೂಟರಿನಲ್ಲೂ ಟೂಡಿ (ಚಪ್ಪಟೆ ಚಿತ್ರದ) ಗೇಮ್ ಮಾಡಬಹುದು. ಅದರ ಜಿಡಿಸ್ಕ್ರಿಪ್ಟ್ ಭಾಷೆ ಪೈಥಾನ್ ಎಂಬ ಕೋಡ್ ಭಾಷೆ ಬಲ್ಲವರಿಗೆ ಪರಿಚಿತ ಅನ್ನಿಸುತ್ತದೆ. ಯೂನಿಟಿಗೆ ಸಿ ಶಾರ್ಪ್ ಎಂಬ ಭಾಷೆ ಬೇಕು. ಯೂನಿಟಿ ಬಗ್ಗೆ ಸಿಗುವ ಪಾಠಗಳು ಲೆಕ್ಕವಿಲ್ಲದಷ್ಟು. ಅನ್‌ರಿಯಲ್ ಇರುವುದು ಭಾರಿ ತ್ರೀಡಿ (ಆಳವೂ ಕಾಣುವ ಚಿತ್ರದ) ಕೆಲಸಕ್ಕೆ. ಹತ್ತಾರು ಜಿಬಿ ಜಾಗ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಎರಡೂ ಬೇಕು. ಕೋಡ್ ಬದಲು ಚೌಕಗಳನ್ನು ಗೆರೆ ಎಳೆದು ಜೋಡಿಸುವ ಬ್ಲೂಪ್ರಿಂಟ್ ಅನ್ನೋ ಸೌಲಭ್ಯ ಅದರಲ್ಲಿದೆ. ಆದರೂ ಮೊದಲ ಗೇಮಿಗೆ ಅದು ಜಾಸ್ತಿಯಾಯಿತು.

ಸಾಫ್ಟ್‌ವೇರ್ ಚೆನ್ನಾಗಿದ್ದರೆ ಗೇಮ್ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆಗೆ ಆಧಾರವಿಲ್ಲ. 2015ರಲ್ಲಿ ಬಂದು ಲೋಕವೆಲ್ಲ ಮಾತಾಡಿದ 'ಅಂಡರ್‌ಟೇಲ್' ಆಗಿದ್ದು ಗೇಮ್‌ಮೇಕರ್‌ನಲ್ಲಿ. ಆ ಗೇಮ್‌ಮೇಕರ್ 1999ರಲ್ಲಿ ಹುಟ್ಟಿದ ಸರಳ ಸಾಫ್ಟ್‌ವೇರ್. 2017ರ 'ಹಾಲೋ ನೈಟ್' ಯೂನಿಟಿಯಲ್ಲಿ ಆಯಿತು. ಅದನ್ನು ಮಾಡಿದ್ದು ಕೆಲವೇ ಜನರ ತಂಡ.

ಇನ್ನೊಂದು ವಿಷಯ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಕಂಪನಿ, ಒಂದು ಮಿತಿ ದಾಟಿದ ಗೇಮ್‌ಗಳಿಗೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಹಾಕುವುದಾಗಿ ಹೇಳಿತು. ದೊಡ್ಡ ಗಲಾಟೆಯಾಯಿತು. ಎಷ್ಟೋ ಡೆವಲಪರ್‌ಗಳು ಬೇರೆ ಎಂಜಿನ್ ಕಡೆ ನೋಡತೊಡಗಿದರು. ಮುಂದಿನ ವರ್ಷ ಕಂಪನಿ ಆ ಶುಲ್ಕವನ್ನು ಕೈಬಿಟ್ಟಿತು. ಇಂಥದ್ದು ಯಾವ ಸಾಫ್ಟ್‌ವೇರಿಗೂ ಆಗಬಹುದು. ಮೂಲ ವಿಚಾರಗಳು ಗೊತ್ತಿದ್ದವರಿಗೆ ಎಂಜಿನ್ ಬದಲಿಸುವುದು ಕಷ್ಟವಾದರೂ ಆಗುತ್ತದೆ. ಬರೀ ಬಟನ್ ನೆನಪಿಟ್ಟುಕೊಂಡವರಿಗೆ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಈಗ ಆ ಮೂಲ ವಿಚಾರಗಳಿಗೇ ಬರೋಣ.

ಚೆಂಡು ಹೇಗೆ ಚಲಿಸುತ್ತದೆ?

ಪುಟ ಪುಟಕ್ಕೂ ಸ್ವಲ್ಪ ಬದಲಾದ ಚಿತ್ರವಿರುವ ಪುಸ್ತಕವನ್ನು ಬೆರಳಿನಿಂದ ಸರಸರನೆ ಬಿಟ್ಟರೆ ಚಿತ್ರ ಓಡಿದ ಹಾಗೆ ಕಾಣುತ್ತದೆ ಅಲ್ವಾ? ಗೇಮ್ ಕೂಡ ಹಾಗೆಯೇ. ಒಂದೊಂದು ಪುಟಕ್ಕೆ 'ಫ್ರೇಮ್' ಅನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಎಂಜಿನ್ ಕೀಬೋರ್ಡ್ ನೋಡಿ, ನಿಮ್ಮ ಕೋಡ್ ಓಡಿಸಿ, ಚಿತ್ರ ಬಿಡಿಸಿ ಮುಗಿಸಬೇಕು. ಮತ್ತೆ ಮೊದಲಿಂದ. ಈ ಸುತ್ತಿಗೆ 'ಗೇಮ್ ಲೂಪ್' ಎಂದು ಹೆಸರು.

ನೀವು ಬರೆಯುವ ಕೋಡ್ ಬಹುಪಾಲು ಈ ಲೂಪಿನೊಳಗೆ ಕೂರುತ್ತದೆ. ಯೂನಿಟಿಯಲ್ಲಿ ಆ ಜಾಗದ ಹೆಸರು 'ಅಪ್‌ಡೇಟ್', ಗೊಡೊದಲ್ಲಿ 'ಪ್ರಾಸೆಸ್', ಸ್ಕ್ರ್ಯಾಚ್‌ನಲ್ಲಿ 'ಫಾರೆವರ್' ಬ್ಲಾಕ್. ಚೆಂಡನ್ನು ಬಲಕ್ಕೆ ಓಡಿಸಬೇಕಾ? ಪ್ರತಿ ಫ್ರೇಮಿನಲ್ಲೂ ಅದರ ಎಕ್ಸ್ ಬೆಲೆಗೆ (ಎಡ-ಬಲ ಜಾಗ ಹೇಳುವ ಅಂಕಿಗೆ) 5 ಸೇರಿಸಿ. ಚೆಂಡು ಓಡುತ್ತದೆ.

ಆದರೆ ಇದರಲ್ಲೊಂದು ತೊಂದರೆ ಅಡಗಿದೆ. ಸೆಕೆಂಡಿಗೆ 60 ಫ್ರೇಮ್ ತೋರಿಸುವ ಪರದೆಯಲ್ಲಿ ಚೆಂಡು ಸೆಕೆಂಡಿಗೆ 300 ಪಿಕ್ಸೆಲ್ (ಪರದೆಯ ಪುಟ್ಟ ಚುಕ್ಕೆ) ಹೋಗುತ್ತದೆ. ಗೆಳೆಯನ ಪರದೆ 144 ಫ್ರೇಮಿನದ್ದಾದರೆ ಅದೇ ಚೆಂಡು 720 ಪಿಕ್ಸೆಲ್ ಓಡುತ್ತದೆ. ನಿಮಗೆ ಸುಲಭವಾದ ಗೇಮ್ ಅವನಿಗೆ ಆಡಲಿಕ್ಕೇ ಆಗುವುದಿಲ್ಲ. ಅದಕ್ಕೆ ಎಂಜಿನ್ ಪ್ರತಿ ಫ್ರೇಮಿಗೂ 'ಡೆಲ್ಟಾ' ಅನ್ನೋ ಒಂದು ಅಂಕಿ ಕೊಡುತ್ತದೆ. ಹಿಂದಿನ ಫ್ರೇಮಿನಿಂದ ಈಗಿನವರೆಗೆ ಎಷ್ಟು ಸೆಕೆಂಡ್ ಆಯಿತು ಅನ್ನುವುದೇ ಡೆಲ್ಟಾ. ವೇಗವನ್ನು 'ಸೆಕೆಂಡಿಗೆ 300 ಪಿಕ್ಸೆಲ್' ಅಂತ ಇಟ್ಟುಕೊಂಡು, ಪ್ರತಿ ಫ್ರೇಮಿನಲ್ಲೂ 300ನ್ನು ಡೆಲ್ಟಾದಿಂದ ಗುಣಿಸಿ ಸೇರಿಸಿದರೆ, ಯಾವ ಕಂಪ್ಯೂಟರಿನಲ್ಲೂ ಚೆಂಡಿನ ವೇಗ ಒಂದೇ. ಒಂದು ಗುಣಾಕಾರ ಅಷ್ಟೇ. ಆದರೆ ಇದನ್ನು ಅರ್ಥ ಮಾಡಿಕೊಂಡವರು ಎಂಜಿನ್‌ನ ಹೃದಯವನ್ನೇ ಅರ್ಥ ಮಾಡಿಕೊಂಡ ಹಾಗೆ.

ದಿಕ್ಕಿನ ವಿಷಯವನ್ನೂ ಗಮನಿಸಿ. ಶಾಲೆಯ ಗ್ರಾಫ್‌ನಲ್ಲಿ ವೈ ಮೇಲೆ ಹೋದಂತೆ ಹೆಚ್ಚುತ್ತದೆ. ಯೂನಿಟಿ ಮತ್ತು ಸ್ಕ್ರ್ಯಾಚ್‌ನಲ್ಲೂ ಹಾಗೆಯೇ. ಗೊಡೊದ ಟೂಡಿಯಲ್ಲಿ ಪರದೆಯ ಎಡ ಮೇಲ್ಮೂಲೆ ಸೊನ್ನೆ, ಕೆಳಗೆ ಇಳಿದಂತೆ ವೈ ಹೆಚ್ಚುತ್ತದೆ. ಮೇಲೆ ಹಾರಬೇಕಾದ್ದು ಕೆಳಗೆ ಬಿದ್ದರೆ ಗಾಬರಿ ಬೇಡ, ಮೈನಸ್ ಚಿಹ್ನೆ ನೋಡಿ.

ಈಗ ಚೆಂಡು ಬ್ಯಾಟಿಗೆ ತಾಗಿ ಪುಟಿಯಬೇಕು. ಮೊದಲು ಹೊಳೆಯುವ ಉಪಾಯ ಇದು: 'ಚೆಂಡು ಬ್ಯಾಟಿಗೆ ತಾಗಿದ್ದರೆ ಎಕ್ಸ್ ದಿಕ್ಕನ್ನು ತಿರುಗಿಸು'. ಬರೆದು ಓಡಿಸಿ. ಬಹುತೇಕ ಸಲ ಸರಿಯಾಗಿಯೇ ಪುಟಿಯುತ್ತದೆ. ಆದರೆ ಆಡುತ್ತಾ ಆಡುತ್ತಾ ಒಮ್ಮೆ ಚೆಂಡು ಬ್ಯಾಟಿನೊಳಗೇ ಸಿಕ್ಕಿಕೊಂಡು ಗಡಗಡ ನಡುಗಲು ಶುರು ಮಾಡುತ್ತದೆ.

ಇಲ್ಲಿ ನಿಂತು ನೋಡುವುದು ಒಳ್ಳೆಯದು. ಎಡಗಡೆಯ ಬ್ಯಾಟು ಮೇಲಿನಿಂದ ಸರಿದು ಬಂದು ಚೆಂಡಿನ ಮೇಲೆಯೇ ಕೂತಿತು ಅಂದುಕೊಳ್ಳಿ. ಈಗ ಚೆಂಡು ಬ್ಯಾಟಿನ ಒಳಗಿದೆ. ಮೊದಲ ಫ್ರೇಮಿನಲ್ಲಿ 'ತಾಗಿದೆಯಾ?' ಹೌದು, ದಿಕ್ಕು ಬಲಕ್ಕೆ. ಮುಂದಿನ ಫ್ರೇಮಿನಲ್ಲಿ ಚೆಂಡು ನಾಲ್ಕೈದು ಪಿಕ್ಸೆಲ್ ಮಾತ್ರ ಸರಿದಿದೆ, ಇನ್ನೂ ಒಳಗೇ ಇದೆ. 'ತಾಗಿದೆಯಾ?' ಹೌದು, ದಿಕ್ಕು ಎಡಕ್ಕೆ. ಅದರ ಮುಂದಿನದರಲ್ಲಿ ಮತ್ತೆ ಬಲಕ್ಕೆ. ಸೆಕೆಂಡಿಗೆ 60 ಸಲ ದಿಕ್ಕು ಬದಲಾಗುತ್ತಿದ್ದರೆ ನಡುಗದೆ ಇನ್ನೇನು ಮಾಡೀತು? ನೀವು ಹೇಳಿದ್ದನ್ನು ಕಂಪ್ಯೂಟರ್ ಅಕ್ಷರಶಃ ಮಾಡುತ್ತಿದೆ.

ಪರಿಹಾರ ಚಿಕ್ಕದು. 'ದಿಕ್ಕು ತಿರುಗಿಸು' ಅನ್ನುವ ಬದಲು 'ಎಡಗಡೆಯ ಬ್ಯಾಟಿಗೆ ತಾಗಿದರೆ ಚೆಂಡು ಬಲಕ್ಕೇ ಹೋಗಬೇಕು' ಅಂತ ಬರೆಯಿರಿ. ಆಗ ಎಷ್ಟು ಫ್ರೇಮ್ ಒಳಗಿದ್ದರೂ ದಿಕ್ಕು ಬಲಕ್ಕೇ ಇರುತ್ತದೆ, ಚೆಂಡು ಹೊರಬರುತ್ತದೆ. ಇಂಥ ಒಂದು ತೊಂದರೆಯನ್ನು ಕಾರಣ ಹುಡುಕಿ ಸರಿ ಮಾಡಿದವರು ಹತ್ತು ಗಂಟೆ ವಿಡಿಯೋ ನೋಡಿದವರಿಗಿಂತ ಮುಂದಿರುತ್ತಾರೆ. ಇದು ನನ್ನ ಗಟ್ಟಿ ನಂಬಿಕೆ.

ಇದರ ಅಣ್ಣನಂಥ ತೊಂದರೆ ಇನ್ನೊಂದಿದೆ. ಚೆಂಡಿನ ವೇಗ ಸೆಕೆಂಡಿಗೆ 3000 ಪಿಕ್ಸೆಲ್ ಆದರೆ ಒಂದು ಫ್ರೇಮಿಗೆ 50 ಪಿಕ್ಸೆಲ್ ಜಿಗಿಯುತ್ತದೆ. ಬ್ಯಾಟಿನ ದಪ್ಪ 20 ಪಿಕ್ಸೆಲ್ ಮಾತ್ರ. ಒಂದು ಫ್ರೇಮಿನಲ್ಲಿ ಚೆಂಡು ಬ್ಯಾಟಿನ ಈಚೆ, ಮುಂದಿನದರಲ್ಲಿ ಆಚೆ. ತಾಗಿದ ಕ್ಷಣವೇ ಇಲ್ಲ! ಇದಕ್ಕೆ 'ಟನಲಿಂಗ್' ಎಂಬ ಹೆಸರಿದೆ. ಚೆಂಡು ಸಾಗಿದ ಇಡೀ ದಾರಿಯನ್ನು ಪರೀಕ್ಷಿಸುವ ಸೌಲಭ್ಯ ಎಂಜಿನ್‌ಗಳಲ್ಲಿ ಇದೆ. ಗೊಡೊದಲ್ಲಿ 'ಮೂವ್ ಅಂಡ್ ಕೊಲೈಡ್', ಯೂನಿಟಿಯಲ್ಲಿ ರಿಜಿಡ್‌ಬಾಡಿಯ (ವಸ್ತುವಿನ ಚಲನೆ ನೋಡಿಕೊಳ್ಳುವ ಭಾಗದ) 'ಕಂಟಿನ್ಯುಯಸ್' ಆಯ್ಕೆ. ಮೆನುವಿನಲ್ಲಿ ಸುಮ್ನೆ ಓದಿದಾಗ ಏನೂ ಅರ್ಥವಾಗದ ಆ ಪದ, ಚೆಂಡು ಬ್ಯಾಟನ್ನು ದಾಟಿ ಹೋದದ್ದನ್ನು ಕಣ್ಣಾರೆ ಕಂಡ ಮೇಲೆ ಮರೆತೇ ಹೋಗುವುದಿಲ್ಲ.

ಓಡುವ ಚೆಂಡು ಗೇಮ್ ಆಗುವುದು

ಚೆಂಡು ಪುಟಿಯಿತು, ಸ್ಕೋರ್ ಏರಿತು. ಆದರೂ ಆಡಿದರೆ ಸಪ್ಪೆ ಅನ್ನಿಸುತ್ತದೆ, ಯಾಕೆಂದರೆ ಚೆಂಡು ಯಾವಾಗಲೂ ಒಂದೇ ಕೋನದಲ್ಲಿ ಹೋಗುತ್ತದೆ. ಆಲ್ಕಾರ್ನ್ ಅವರಿಗೂ ಹೀಗೇ ಅನ್ನಿಸಿರಬೇಕು. ಅವರು ಬ್ಯಾಟನ್ನು ಎಂಟು ಭಾಗ ಮಾಡಿದರು. ನಡುವೆ ತಾಗಿದರೆ ಚೆಂಡು ನೇರ, ತುದಿಗೆ ತಾಗಿದರೆ ಓರೆ. ಆಟ ಉದ್ದವಾದಂತೆ ಚೆಂಡಿನ ವೇಗವನ್ನೂ ಏರಿಸಿದರು. ಅಲ್ಲಿಗೆ ಆಡುವವರ ಕೈಗೆ ಚಾತುರ್ಯ ತೋರಿಸಲು ಜಾಗ ಸಿಕ್ಕಿತು. ಅವರು ಇಷ್ಟನ್ನೂ ಮಾಡಿದ್ದು ಸಾಫ್ಟ್‌ವೇರ್ ಇಲ್ಲದೆ, ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗಳಲ್ಲೇ. ಸರ್ಕ್ಯೂಟಿನ ಒಂದು ದೋಷದಿಂದ ಬ್ಯಾಟು ಪರದೆಯ ಮೇಲಿನ ತುದಿಯವರೆಗೆ ಹೋಗುತ್ತಿರಲಿಲ್ಲ. ಅದರಿಂದ ಆಟಕ್ಕೆ ಬೇಕಾದ ಕಷ್ಟ ಸಿಗುತ್ತದೆ ಅಂತ ಅದನ್ನು ಹಾಗೇ ಬಿಟ್ಟರು.

ನಿಮಗೆ ಈಗ ಎಂಟು ಭಾಗ ಮಾಡುವ ಅಗತ್ಯವೂ ಇಲ್ಲ. ಚೆಂಡಿನ ನಡುವಿನ ವೈ ಬೆಲೆಯಿಂದ ಬ್ಯಾಟಿನ ನಡುವಿನ ವೈ ಬೆಲೆ ಕಳೆಯಿರಿ. ಬಂದ ಅಂಕಿಯನ್ನು ಒಂದು ಸಂಖ್ಯೆಯಿಂದ ಗುಣಿಸಿ ಚೆಂಡಿನ ಮೇಲೆ-ಕೆಳಗಿನ ವೇಗವಾಗಿ ಇಡಿ. ಆ ಸಂಖ್ಯೆಯನ್ನು 2 ಇಟ್ಟು ಆಡಿ, 5 ಇಟ್ಟು ಆಡಿ, 10 ಇಟ್ಟು ಆಡಿ. ಒಂದೇ ಅಂಕಿ ಬದಲಾದಾಗ ಗೇಮಿನ ಗುಣವೇ ಬದಲಾಗುವುದು ನಿಮಗೇ ಕಾಣುತ್ತದೆ. ಗೇಮ್ ಡಿಸೈನ್ ಅನ್ನುವುದರ ಬಹುಪಾಲು ಈ ಕೆಲಸವೇ.

ಇಷ್ಟಕ್ಕೇ ಬಿಡಬೇಡಿ. ಶುರುವಿನ ಪರದೆ, ಯಾರು ಗೆದ್ದರು ಎಂದು ಹೇಳುವ ಪರದೆ, ಮತ್ತೆ ಆಡುವ ಬಟನ್, ತಾಗಿದಾಗ ಒಂದು ಸದ್ದು, ಇವನ್ನೂ ಸೇರಿಸಿ. ಇವು ನೋಡಲು ಚಿಲ್ಲರೆ ಕೆಲಸ. ಆದರೆ ಎಂಜಿನ್‌ನ ಮುಖ್ಯ ಭಾಗಗಳ ಪರಿಚಯ ಆಗುವುದು ಇಲ್ಲೇ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವುದು, ಬಟನ್ ಒತ್ತಿದ ಸುದ್ದಿಯನ್ನು ಬೇರೆ ವಸ್ತುವಿಗೆ ತಲುಪಿಸುವುದು, ಮತ್ತೆ ಶುರುವಾದಾಗ ಹಳೆಯ ಸ್ಕೋರನ್ನು ಸೊನ್ನೆ ಮಾಡುವುದು. ದೊಡ್ಡ ಗೇಮಿನಲ್ಲೂ ಇವೇ ಬರುತ್ತವೆ, ಸಂಖ್ಯೆ ಮಾತ್ರ ಜಾಸ್ತಿ.

ಪಾಠಗಳನ್ನು ನೋಡುವ ಬಗೆ

ಒಂದರ ಮೇಲೊಂದು ವಿಡಿಯೋ ನೋಡಿ, ಅದರಲ್ಲಿ ಟೈಪ್ ಮಾಡಿದ್ದನ್ನೇ ಟೈಪ್ ಮಾಡಿ, ಕೊನೆಗೆ ಖಾಲಿ ಪ್ರಾಜೆಕ್ಟ್ ಎದುರು ಕೂತಾಗ ಏನೂ ತೋಚದೆ ಇರುವುದು ಬಹಳ ಜನರ ಅನುಭವ. ಅವರಿಗೆ ಬುದ್ಧಿ ಸಾಲದು ಅಂತಲ್ಲ. ನಕಲು ಮಾಡುವಾಗ ನಿರ್ಧಾರಗಳನ್ನೆಲ್ಲ ಪಾಠ ಹೇಳುವವರೇ ತೆಗೆದುಕೊಂಡಿರುತ್ತಾರೆ. ನೀವು ತೆಗೆದುಕೊಳ್ಳುವುದು ಯಾವಾಗ?

ಒಂದು ಪಾಠ ಮುಗಿದ ಮೇಲೆ ಅದನ್ನು ಮುಚ್ಚಿ, ಹೊಸ ಪ್ರಾಜೆಕ್ಟ್ ತೆರೆದು, ನೆನಪಿನಿಂದ ಮತ್ತೆ ಮಾಡಿ. ಸಿಕ್ಕಿಕೊಂಡ ಜಾಗದಲ್ಲಿ ಮಾತ್ರ ತಿರುಗಿ ನೋಡಿ. ಆಮೇಲೆ ಪಾಠದಲ್ಲಿ ಇಲ್ಲದ ಒಂದು ಬದಲಾವಣೆ ತನ್ನಿ. ಎರಡು ಚೆಂಡು ಬಿಟ್ಟರೆ? ಸೋಲುತ್ತಿರುವವರ ಬ್ಯಾಟು ಉದ್ದವಾದರೆ? ಆ ಒಂದು ಬದಲಾವಣೆಗೆ ನೀವು ಹುಡುಕಾಡುವ ಸಮಯವೇ ಕಲಿಕೆ. ಗೊಡೊದ ಅಧಿಕೃತ ಕೈಪಿಡಿಯಲ್ಲಿ 'ನಿಮ್ಮ ಮೊದಲ ಟೂಡಿ ಗೇಮ್' ಎಂಬ ಪಾಠವಿದೆ. ಯೂನಿಟಿಯವರ ಕಲಿಕಾ ತಾಣದಲ್ಲಿ 'ರೋಲ್ ಎ ಬಾಲ್' ಇದೆ. ಎರಡೂ ಉಚಿತ, ಎರಡೂ ಚಿಕ್ಕವು. ಇವುಗಳಿಂದ ಶುರು ಮಾಡುವುದು ಒಳ್ಳೆಯದು.

ಪಾಠ ಯಾವ ಆವೃತ್ತಿಯದ್ದು ಅಂತ ಮೊದಲೇ ನೋಡಿಕೊಳ್ಳಿ. ಇದು ಸಣ್ಣ ಮಾತಲ್ಲ. 2023ರಲ್ಲಿ ಗೊಡೊ 4 ಬಂದಾಗ ಎಷ್ಟೋ ಹೆಸರುಗಳು ಬದಲಾದವು. ಹಳೆಯದರಲ್ಲಿ 'ಕೈನೆಮ್ಯಾಟಿಕ್ ಬಾಡಿ ಟೂಡಿ' ಇದ್ದದ್ದು ಈಗ 'ಕ್ಯಾರೆಕ್ಟರ್ ಬಾಡಿ ಟೂಡಿ'. ಪಾತ್ರವನ್ನು ಸರಿಸುವ 'ಮೂವ್ ಅಂಡ್ ಸ್ಲೈಡ್' ಆದೇಶವನ್ನು ಕರೆಯುವಾಗ ಹಿಂದೆ ಆವರಣದೊಳಗೆ ವೇಗ ಕೊಡಬೇಕಿತ್ತು, ಈಗ ಕೊಡುವಂತಿಲ್ಲ. ಗೊಡೊ 3ರ ಪಾಠ ನೋಡಿಕೊಂಡು 4ರಲ್ಲಿ ಬರೆದರೆ ಸಾಲು ಸಾಲು ಎರರ್ ಬರುತ್ತದೆ. ಹೊಸಬರು ತಪ್ಪು ತಮ್ಮದೇ ಅಂದುಕೊಂಡು ಕುಗ್ಗುತ್ತಾರೆ. ಯೂನಿಟಿಯಲ್ಲೂ ಕೀಬೋರ್ಡ್ ಓದುವ ವಿಧಾನ ಹಳೆಯದೊಂದು, ಹೊಸದೊಂದು ಇವೆ. ಎಐ ಚಾಟ್‌ಬಾಟ್‌ಗಳನ್ನು ಕೇಳಿದಾಗಲೂ ಹಳೆಯ ಮತ್ತು ಹೊಸ ಆವೃತ್ತಿಯ ಕೋಡ್ ಬೆರೆತು ಬರುವುದುಂಟು. ಅವನ್ನು 'ಇದನ್ನು ಬರೆದುಕೊಡು' ಅನ್ನುವುದಕ್ಕಿಂತ 'ಈ ಸಾಲು ಏನು ಮಾಡುತ್ತಿದೆ' ಅಂತ ಕೇಳುವುದರಲ್ಲಿ ಲಾಭ ಜಾಸ್ತಿ.

ಕೆಂಪು ಅಕ್ಷರದ ಎರರ್ ಕಂಡ ಕೂಡಲೇ ಕಣ್ಣು ಮುಚ್ಚಬೇಡಿ, ಓದಿ. ಯಾವ ಫೈಲು, ಎಷ್ಟನೇ ಸಾಲು ಅಂತ ಅದರಲ್ಲೇ ಇರುತ್ತದೆ. ಹೊಸಬರಿಗೆ ಅತಿ ಹೆಚ್ಚು ಎದುರಾಗುವುದು 'ನಲ್' ಎಂಬ ಪದವಿರುವ ಎರರ್. ಅದರ ಅರ್ಥ, ನೀವು ಕರೆದ ವಸ್ತು ಅಲ್ಲಿ ಇಲ್ಲ. ಹೆಸರಿನ ಸ್ಪೆಲ್ಲಿಂಗ್ ತಪ್ಪಿರಬಹುದು, ಇನ್‌ಸ್ಪೆಕ್ಟರ್‌ನಲ್ಲಿ ಅದನ್ನು ಎಳೆದು ಹಾಕುವುದು ಬಿಟ್ಟುಹೋಗಿರಬಹುದು, ಅಥವಾ ಆ ವಸ್ತುವನ್ನು ಗೇಮೇ ಆಗಲೇ ಅಳಿಸಿರಬಹುದು. ಬಹುಪಾಲು ಸಲ ಈ ಮೂರರಲ್ಲೊಂದು. ಎರರ್ ಇಲ್ಲದೆಯೂ ಗೇಮ್ ತಪ್ಪಾಗಿ ನಡೆಯುತ್ತಿದ್ದರೆ, ಅನುಮಾನ ಇರುವ ಸಾಲಿನಲ್ಲಿ ಅಂಕಿಯನ್ನು ತೋರಿಸುವ ಒಂದು ಪ್ರಿಂಟ್ ಆದೇಶ ಹಾಕಿ, ಅಂಕಿ ನೀವು ಅಂದುಕೊಂಡದ್ದೇ ಇದೆಯಾ ನೋಡಿ.

ಚಿತ್ರ, ಸದ್ದು, ಮತ್ತು ಆಡಿ ನೋಡುವವರು

ಚಿತ್ರ ಬಿಡಿಸಲು ಬರುವುದಿಲ್ಲ ಅಂತ ಹಿಂಜರಿಯಬೇಕಿಲ್ಲ. ಮೊದಲು ಬಣ್ಣದ ಚೌಕಗಳಲ್ಲೇ ಗೇಮ್ ಮಾಡಿ. ಚೌಕಗಳಲ್ಲಿ ಆಡಲು ಮಜಾ ಬಂದರೆ ಮಾತ್ರ ಚಿತ್ರಕ್ಕೆ ಕೈಹಾಕಿ. 'ಕೆನಿ' ಎಂಬ ತಾಣದಲ್ಲಿ ಸಾವಿರಾರು ಚಿತ್ರಗಳು, ಸದ್ದುಗಳು ಸಿಸಿ ಸೊನ್ನೆ ಲೈಸೆನ್ಸಿನಲ್ಲಿ ಸಿಗುತ್ತವೆ. ಅಂದರೆ ಯಾರ ಅನುಮತಿಯೂ ಬೇಡ, ಹೆಸರು ಹಾಕಲೇಬೇಕು ಅಂತಲೂ ಇಲ್ಲ. ಬೇರೆ ಕಡೆಯಿಂದ ತೆಗೆದುಕೊಳ್ಳುವಾಗ ಲೈಸೆನ್ಸ್ ಓದಿ. ಕೆಲವಕ್ಕೆ ಹೆಸರು ಹಾಕಬೇಕು, ಕೆಲವನ್ನು ಮಾರುವ ಗೇಮಿನಲ್ಲಿ ಬಳಸುವಂತಿಲ್ಲ. ಸ್ವಂತ ಮಾಡಬೇಕೆಂದರೆ ಚಿತ್ರಕ್ಕೆ ಕ್ರಿಟಾ, ಸದ್ದಿಗೆ ಆಡಾಸಿಟಿ, ತ್ರೀಡಿಗೆ ಬ್ಲೆಂಡರ್. ಮೂರೂ ಉಚಿತ.

ಕೆಲಸ ಮಾಡುತ್ತಿರುವ ಗೇಮನ್ನು ಹಾಳು ಮಾಡಿಕೊಳ್ಳುವುದು ಬಹಳ ಸುಲಭ. ಹಳೆಯ ಆವೃತ್ತಿಗಳನ್ನೆಲ್ಲ ಉಳಿಸಿಡುವ ಗಿಟ್ ಎಂಬ ಸಾಫ್ಟ್‌ವೇರ್ ಕಲಿತರೆ ಒಳ್ಳೆಯದು. ಅಲ್ಲಿಯವರೆಗೆ, ಗೇಮ್ ಸರಿಯಾಗಿ ಓಡಿದ ದಿನ ಇಡೀ ಫೋಲ್ಡರಿನ ನಕಲು ತೆಗೆದು ದಿನಾಂಕ ಹಾಕಿ ಇಡಿ.

ಗೇಮ್ ಅರೆಬರೆ ಇರುವಾಗಲೇ ಬೇರೆಯವರ ಕೈಗೆ ಕೊಡಿ. ಅವರು ಆಡುವಾಗ ನೀವು ಬಾಯಿ ಬಿಡಬಾರದು. 'ಅಲ್ಲಿ ಒತ್ತು', 'ಅದನ್ನು ನೋಡು' ಏನೂ ಬೇಡ. ಅವರು ಯಾವ ಬಟನ್ ಹುಡುಕುತ್ತಾರೆ, ಎಲ್ಲಿ ಗೊಂದಲಗೊಳ್ಳುತ್ತಾರೆ, ಯಾವಾಗ ಬೇಸರದಿಂದ ಕೈ ಎತ್ತುತ್ತಾರೆ ಅಂತ ಬರೆದುಕೊಳ್ಳಿ. ಮಾಡಿದವರ ಕಣ್ಣಿಗೆ ಎಲ್ಲವೂ ಸ್ಪಷ್ಟ, ಯಾಕೆಂದರೆ ಮಾಡಿದ್ದೇ ಅವರು. ದೂರದವರಿಗೂ ಕೊಡಬೇಕೆಂದರೆ ಗೇಮನ್ನು ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಿ ಇಚ್ ಡಾಟ್ ಐಒ ಎಂಬ ಗೇಮ್ ತಾಣದಲ್ಲಿ ಹಾಕಬಹುದು. ಲಿಂಕ್ ಒತ್ತಿದರೆ ಬ್ರೌಸರಿನಲ್ಲೇ ಆಡಬಹುದು.

ಗೇಮ್ ಜಾಮ್‌ಗಳ ಬಗ್ಗೆಯೂ ಹೇಳಬೇಕು. ಒಂದು ವಿಷಯ ಕೊಟ್ಟು, ಎರಡು ಮೂರು ದಿನದಲ್ಲಿ ಗೇಮ್ ಮಾಡಿ ಅನ್ನುವ ಕೂಟಗಳಿವು. ಲುಡಮ್ ಡೇರ್ 2002ರಿಂದ, ಗ್ಲೋಬಲ್ ಗೇಮ್ ಜಾಮ್ 2009ರಿಂದ ನಡೆಯುತ್ತಿವೆ. ಸಮಯ ಇಷ್ಟೇ ಅಂತ ಗೊತ್ತಿದ್ದಾಗ ಕನಸು ತಾನಾಗಿಯೇ ಚಿಕ್ಕದಾಗುತ್ತದೆ, ಗೇಮ್ ಮುಗಿಯುತ್ತದೆ. 2018ರಲ್ಲಿ ಬಂದ 'ಸೆಲೆಸ್ಟ್' ಮೊದಲು ನಾಲ್ಕು ದಿನದಲ್ಲಿ ಮಾಡಿದ ಪುಟ್ಟ ಗೇಮಾಗಿತ್ತು. ಅದನ್ನು ಮಾಡಿದ್ದು ಪಿಕೋ 8 ಅನ್ನುವ ಸಾಫ್ಟ್‌ವೇರಿನಲ್ಲಿ. ಅದರ ಪರದೆ 128 ಪಿಕ್ಸೆಲ್ ಅಗಲ, 128 ಎತ್ತರ, ಬಣ್ಣ 16 ಮಾತ್ರ.

ಪಾಂಗ್ ಆದ ಮೇಲೆ

ಎರಡನೇ ಗೇಮಿಗೂ ಹಳೆಯ ಗೇಮ್‌ಗಳ ಸಾಲೇ ಒಳ್ಳೆಯ ಪಠ್ಯಕ್ರಮ. ಒಂದೊಂದೂ ಒಂದೊಂದು ಹೊಸ ವಿಷಯ ಕೇಳುತ್ತದೆ. ಚೆಂಡಿನಿಂದ ಇಟ್ಟಿಗೆ ಒಡೆಯುವ 1976ರ 'ಬ್ರೇಕ್‌ಔಟ್' ಮಾಡಿದರೆ ಇಟ್ಟಿಗೆಗಳ ಸಾಲು ಬೇಕು. ನೂರು ಇಟ್ಟಿಗೆಯನ್ನು ಕೈಯಲ್ಲಿ ಇಡಲಾಗುವುದಿಲ್ಲ. ಹಾಗಾಗಿ ಒಂದು ಇಟ್ಟಿಗೆ ಮಾಡಿ ಕೋಡಿನಿಂದ ಅದರ ಪ್ರತಿಗಳನ್ನು ಹುಟ್ಟಿಸುವುದನ್ನು ಕಲಿಯುತ್ತೀರಿ. ಯೂನಿಟಿಯಲ್ಲಿ ಇದಕ್ಕೆ 'ಪ್ರಿಫ್ಯಾಬ್' ಅನ್ನುತ್ತಾರೆ, ಗೊಡೊದಲ್ಲಿ ದೃಶ್ಯವನ್ನೇ ಹೀಗೆ ಬಳಸುತ್ತಾರೆ.

1978ರ 'ಸ್ಪೇಸ್ ಇನ್ವೇಡರ್ಸ್' ಮಾಡಿದರೆ ಶತ್ರುಗಳ ದಂಡು, ಗುಂಡು, ಜೀವಗಳ ಲೆಕ್ಕ ಬರುತ್ತದೆ. ಅದರಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ. ಅಂದಿನ ಯಂತ್ರಕ್ಕೆ ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಾಗ ಕೆಲಸ ಬೇಗ ಮುಗಿದು ಹಾಗಾಗುತ್ತಿತ್ತು. ಮಾಡಿದ ತೊಮೊಹಿರೊ ನಿಶಿಕಾಡೊ ಅದನ್ನು ಸರಿಪಡಿಸದೆ ಉಳಿಸಿಕೊಂಡರು. ಡೆಲ್ಟಾ ಬಳಸುವ ನಿಮ್ಮ ಗೇಮಿನಲ್ಲಿ ಅದು ತಾನಾಗಿ ಆಗುವುದಿಲ್ಲ. ಉಳಿದ ಶತ್ರುಗಳ ಸಂಖ್ಯೆ ನೋಡಿ ವೇಗ ಏರಿಸುವ ಕೋಡನ್ನು ನೀವೇ ಬರೆಯಬೇಕು.

ಓಡಿ ಹಾರುವ ಪ್ಲಾಟ್‌ಫಾರ್ಮರ್ ಗೇಮನ್ನು ಇವೆರಡರ ನಂತರ ಮಾಡಿ. ಅದರಲ್ಲಿ ಗುರುತ್ವ ಬರುತ್ತದೆ, ನೆಲದ ಮೇಲಿದ್ದಾಗ ಮಾತ್ರ ಹಾರುವ ನಿಯಮ ಬರುತ್ತದೆ. ಆ ನಿಯಮವನ್ನು ಕಟ್ಟುನಿಟ್ಟಾಗಿ ಬರೆದರೆ, ಆಡುವವರು ಅಂಚಿನಲ್ಲಿ ಒತ್ತಿದರೂ 'ಹಾರಲೇ ಇಲ್ಲ' ಅಂತ ದೂರುತ್ತಾರೆ, ಯಾಕೆಂದರೆ ಅವರು ಒತ್ತುವಷ್ಟರಲ್ಲಿ ಪಾತ್ರ ಅಂಚು ದಾಟಿ ಒಂದೆರಡು ಫ್ರೇಮ್ ಆಗಿರುತ್ತದೆ. ಅದಕ್ಕೆ ಡೆವಲಪರ್‌ಗಳು ಅಂಚು ಬಿಟ್ಟ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಾರಲು ಅವಕಾಶ ಕೊಡುತ್ತಾರೆ. 'ಕೊಯೋಟಿ ಟೈಮ್' ಅನ್ನುವ ಈ ಉಪಾಯ 'ಸೆಲೆಸ್ಟ್'ನಲ್ಲೂ ಇದೆ. ಒಂದು ಟೈಮರ್ ಇಟ್ಟುಕೊಂಡು, ನೆಲದ ಮೇಲಿರುವಾಗ ಅದನ್ನು 0.1ಕ್ಕೆ ಇಡಿ, ಗಾಳಿಯಲ್ಲಿದ್ದಾಗ ಪ್ರತಿ ಫ್ರೇಮಿಗೂ ಡೆಲ್ಟಾ ಕಳೆಯಿರಿ, ಸೊನ್ನೆಗಿಂತ ಮೇಲಿದ್ದರೆ ಹಾರಲು ಬಿಡಿ, ಹಾರಿದ ಕೂಡಲೇ ಸೊನ್ನೆ ಮಾಡಿ. ಕೊನೆಯದನ್ನು ಬಿಟ್ಟರೆ ಗಾಳಿಯಲ್ಲೇ ಎರಡನೇ ಸಲ ಹಾರಬಹುದು.